ಒಂಬತ್ತನೆಯ ಸಾಲಿನ ಸೊನ್ನೆ

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಮೇಜು. ಅದರ ಮೇಲೆ ಬಿಳಿ ಬಟ್ಟೆ ಹಾಸಿದ್ದರೆ ಯಾರದೋ ಕಾಗದ ಮನೆಗೆ ಬಂದಿದೆ ಎಂದು ಅರ್ಥ; ಬಟ್ಟೆ ಇಲ್ಲದಿದ್ದರೆ ಅದು ಊಟದ ಮೇಜು. ಬಟ್ಟೆ ಹಾಸಿದ ದಿನಗಳಲ್ಲಿ ನಾವು ಮೂವರೂ ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ನೀರಿನ ಲೋಟ ಗೋಡೆಯ ಬದಿಗೇ ಇರಬೇಕು. ಸಾರು ಬಡಿಸುವಾಗ ಅಮ್ಮ ಮೇಜಿಗೆ ಬೆನ್ನು ಹಾಕಿ ಕೂರಬೇಕು. ಕಾಗದ ಅಲುಗಾಡಬಾರದೆಂದು ಅಪ್ಪ ಎಸಿ ನಿಲ್ಲಿಸುತ್ತಿದ್ದರು. ದುಬೈಯ ಸೆಕೆಯಲ್ಲಿ, ಪ್ಲೈವುಡ್ ಗೋಡೆಯ ಆ ಕೋಣೆಯಲ್ಲಿ, ಹಣೆಗೆ ಟವೆಲ್ ಬಿಗಿದುಕೊಂಡು ಕೆಲಸ ಮಾಡುತ್ತಿದ್ದರು. ಬೆವರಿನ ಒಂದು ಹನಿ ಕಾಗದದ ಮೇಲೆ ಬಿದ್ದರೆ ಅಲ್ಲಿಗೆ ಕತೆ ಮುಗಿಯಿತು. ಅಪ್ಪ ಫ್ರೇಮ್ ಹಾಕುವವರು. ಸತ್ವಾ ಎಂಬ ಬಡಾವಣೆಯ ರಸ್ತೆಯಲ್ಲಿ, ಟೈಲರ್ ಅಂಗಡಿಗಳ ಸಾಲಿನ ಕೊನೆಯಲ್ಲಿ ಅವರ ಅಂಗಡಿ. ಬಂಟ್ವಾಳ ಕಡೆಯ ಹಮೀದಾಕ ಅವರ ಜೊತೆಗಾರ. ಗಿರಾಕಿಗಳ ಹತ್ತಿರ ಮಾತು ಹಮೀದಾಕನದ್ದು, ಕೆಲಸ ಅಪ್ಪನದ್ದು. ಅಂಗಡಿಯಲ್ಲಿ ಮರದ ಪುಡಿ ಹಾರುತ್ತಿದ್ದುದರಿಂದ ಹಳೆಯ, ನಾಜೂಕಿನ ಕಾಗದಗಳನ್ನು ಮಾತ್ರ ಅಪ್ಪ ಹಿಂದಿನ ಗಲ್ಲಿಯಲ್ಲಿದ್ದ ನಮ್ಮ ಮನೆಗೆ ತರುತ್ತಿದ್ದರು. ಮನೆ ಎಂದರೆ ಐದು ಸಂಸಾರಗಳು ಹಂಚಿಕೊಂಡ ಒಂದು ಹಳೆಯ ವಿಲ್ಲಾದ ಎರಡು ಕೋಣೆ. ಅಡುಗೆಮನೆ ಎಲ್ಲರಿಗೂ ಒಂದೇ, ಯಾರ ಪಾಳಿ ಎಷ್ಟು ಗಂಟೆಗೆ ಎಂದು ಬಾಗಿಲಿಗೆ ಚೀಟಿ ಅಂಟಿಸಿತ್ತು.

ನಾನು ಆಗಲೂ ಡೈರಿ ಬರೆಯುತ್ತಿದ್ದೆ. ಡೈರಿ ಅನ್ನುವುದಕ್ಕಿಂತ ಅದು ಎಣಿಕೆ. ಯಾರು ಎಷ್ಟು ಸಲ ಅಡುಗೆಮನೆಯ ಪಾಳಿ ತಪ್ಪಿಸಿದರು, ನಾನು ಎಷ್ಟು ದೋಸೆ ತಿಂದೆ, ಸ್ಕೂಲ್ ಬಸ್ಸು ಎಷ್ಟು ಸಿಗ್ನಲ್‌ನಲ್ಲಿ ನಿಂತಿತು. ಎಲ್ಲದರ ಕೆಳಗೆ ಗೆರೆ ಎಳೆದು ಮೊತ್ತ. ಆ ನೋಟ್‌ಬುಕ್ಕುಗಳು ಈಗ ನನ್ನ ಎದುರಿಗಿವೆ. ಪ್ರತಿ ಪುಟದಲ್ಲೂ ತಾರೀಖು ಇದೆ. ಅವನ್ನೆಲ್ಲ ಇಲ್ಲಿ ಎತ್ತಿ ಬರೆಯುವುದಿಲ್ಲ, ವಾರದ ಹೆಸರು ಸಾಕು. ನಾನು ಆರನೇ ಕ್ಲಾಸಿನಲ್ಲಿದ್ದೆ, ಆಗ ರಜೆ ಶುಕ್ರವಾರ ಮತ್ತು ಶನಿವಾರ, ನಡೆದದ್ದು ಬುಧವಾರದಿಂದ ಭಾನುವಾರದೊಳಗೆ.

ಈ ಎಣಿಕೆಯ ಚಟದಿಂದಾಗಿ ಮನೆಯಲ್ಲಿ ನನಗೊಂದು ಕೆಲಸ ಸಿಕ್ಕಿತ್ತು. ಅದಕ್ಕೂ ಒಂದು ವರ್ಷ ಹಿಂದೆ ಒಬ್ಬ ಗಿರಾಕಿ ತನ್ನ ಅಜ್ಜನ ಫೋಟೋದ ಮೂಲೆ ಹರಿದದ್ದು ಅಪ್ಪನ ಕೈಯಲ್ಲೇ ಎಂದು ಗಲಾಟೆ ಮಾಡಿದ್ದ. ಫೋಟೋ ಬರುವಾಗಲೇ ಹರಿದಿತ್ತು, ಆದರೆ ಅದಕ್ಕೆ ಸಾಕ್ಷಿ ಇರಲಿಲ್ಲ. ಮಾತು ಅರಬಾಬನ ತನಕ, ಅಂದರೆ ಅಂಗಡಿಯ ಲೈಸೆನ್ಸ್ ಯಾರ ಹೆಸರಲ್ಲಿತ್ತೋ ಆ ಅರಬ್ ಮಾಲೀಕನ ತನಕ ಹೋಯಿತು. ಆತ ಅಂಗಡಿಗೆ ಬಂದು, ಕೂರದೆ, ಎರಡೇ ಮಾತು ಹೇಳಿ ಹೋದ: ಇನ್ನೊಂದು ದೂರು ಬಂದರೆ ಖಲಾಸ್. ಅಂಗಡಿ ಖಲಾಸ್ ಎಂದರೆ ವೀಸಾ ಖಲಾಸ್, ವೀಸಾ ಖಲಾಸ್ ಎಂದರೆ ನಾವು ಮೂವರೂ ವಿಮಾನದಲ್ಲಿ. ಅಷ್ಟು ನನಗೂ ಗೊತ್ತಿತ್ತು. ಮರುದಿನವೇ ಅಪ್ಪ ಒಂದು ದಪ್ಪ ರಿಜಿಸ್ಟರ್ ತಂದು ನನ್ನ ಮುಂದಿಟ್ಟರು. ಮನೆಗೆ ಬರುವ ಪ್ರತಿ ಕಾಗದವೂ 'ಬರುವಾಗ' ಹೇಗಿತ್ತು, 'ಹೋಗುವಾಗ' ಹೇಗಿತ್ತು ಎಂದು ನಾನು ಬರೆಯಬೇಕು. ಎಷ್ಟು ಕಲೆ, ಎಷ್ಟು ಮಡಿಕೆ, ಎಲ್ಲಿ ಹರಿದಿದೆ. ಕೊನೆಗೆ ಗಿರಾಕಿಯ ಸಹಿ. ಹಳೆಯ ಕಾಗದದ ಹತ್ತಿರ ಪೆನ್ನು ಸುಳಿಯಬಾರದು, ಶಾಯಿ ತಾಗಿದರೆ ಹೋಗುವುದಿಲ್ಲ ಎಂದು ಅಪ್ಪ ಪೆನ್ಸಿಲ್ಲೇ ಕೊಡುತ್ತಿದ್ದರು. ಹಿಂದೆ ಕೆಂಪು ರಬ್ಬರ್ ಇರುವ ಪೆನ್ಸಿಲ್.

ಬುಧವಾರ ಸ್ಕೂಲಿನಿಂದ ನೇರ ಅಂಗಡಿಗೆ ಹೋದಾಗ ಮಾರ್ಥಾ ಮೇಡಂ ಅಲ್ಲಿದ್ದರು. ಅಮೆರಿಕದವರು, ಒಂದು ಶಾಲೆಯಲ್ಲಿ ಟೀಚರ್, ಶಾಲೆಯ ಸರ್ಟಿಫಿಕೇಟು, ಗ್ರೂಪ್ ಫೋಟೋಗಳನ್ನೆಲ್ಲ ನಮ್ಮಲ್ಲಿಗೇ ತರುತ್ತಿದ್ದರು. ಆ ದಿನ ತಂದದ್ದು ಒಂದೇ ಹಾಳೆ. ಕಂದು ಬಣ್ಣಕ್ಕೆ ತಿರುಗಿದ, ಚೌಕ ಚೌಕವಾಗಿ ಗೆರೆ ಹಾಕಿದ ಹಾಳೆ. ಅವರ ತಂದೆ ಹುಡುಗನಾಗಿದ್ದಾಗ ಬೇಸ್‌ಬಾಲ್ ಆಡುತ್ತಿದ್ದರಂತೆ. ಸಂಬಳ ಕೊಟ್ಟು ಆಡಿಸುವ ಒಂದು ಸಣ್ಣ ಊರಿನ ತಂಡದಲ್ಲಿ ಯಾರಿಗೋ ಪೆಟ್ಟಾಗಿ, ಇವರನ್ನು ಕರೆಸಿದರು. ಒಂದು ಆಟ ಆಡಿಸಿ ಮನೆಗೆ ಕಳಿಸಿದರು. ಮತ್ತೆ ಕರೆಯಲಿಲ್ಲ. ಆ ಒಂದು ಆಟದ ಸ್ಕೋರ್ ಹಾಳೆ ಇದು, ಅವರ ಸಾಮಾನಿನ ಜೊತೆ ಮೊದಲೇ ಬಂದದ್ದು. ಈಗ ತಂದೆಗೆ ತೊಂಬತ್ತರ ಹತ್ತಿರ, ಮಗಳ ಜೊತೆ ಇರಲು ದುಬೈಗೆ ಬರುತ್ತಿದ್ದಾರೆ. ಗೋಡೆಯ ಮೇಲೆ ಇದನ್ನು ನೋಡಿ ಅವರು ಆಶ್ಚರ್ಯಪಡಬೇಕು.

"ಇದು ಒಂದೇ ಇರೋದು. ಬೇರೆ ಪ್ರತಿ ಎಲ್ಲೂ ಇಲ್ಲ" ಎಂದು ಮೇಡಂ ಎರಡು ಸಲ ಹೇಳಿದರು.

"ನೋ ಟೆನ್ಶನ್ ಮೇಡಂ" ಎಂದ ಹಮೀದಾಕ ನನ್ನ ಕಡೆ ಬೆರಳು ತೋರಿಸಿದ. "ನಮ್ಮ ಲೆಕ್ಕದ ಟೀಚರ್ ಬಂದ್ಲು ನೋಡಿ. ನಿಮ್ಮ ಕಾಗದದಲ್ಲಿ ಸೊಳ್ಳೆ ಕೂತಿದ್ರೂ ಬರೆದಿಡ್ತಾಳೆ."

ಹಾಳೆ ಓದುವುದು ಹೇಗೆ ಎಂದು ನಾನು ಕೇಳಿದೆ. ಮೇಡಂ ಟೀಚರ್ ಅಲ್ಲವೇ, ಖುಷಿಯಿಂದ ಹೇಳಿಕೊಟ್ಟರು. ಒಂದು ಸಾಲು ಒಬ್ಬ ಆಟಗಾರ. ಒಟ್ಟು ಒಂಬತ್ತು ಸಾಲು. ಅವನು ಪ್ರತಿ ಸಲ ಬ್ಯಾಟು ಹಿಡಿದಾಗ ಏನಾಯಿತು ಎಂಬುದು ಒಂದೊಂದು ಚೌಕದಲ್ಲಿ. ತಾನೇ ಹೊಡೆದು ಓಡಿ, 'ಬೇಸ್' ಎನ್ನುವ ಮೊದಲ ನೆಲೆ ಮುಟ್ಟಿದರೆ ಅದು ಹಿಟ್, ಚೌಕದ ಮೂಲೆಯಲ್ಲಿ ಒಂದು ಸಣ್ಣ ಅಡ್ಡಗೆರೆ. ಎದುರಾಳಿ ಹಿಡಿಯಬಹುದಾದ ಚೆಂಡನ್ನು ಬಿಟ್ಟದ್ದರಿಂದ ಮುಟ್ಟಿದರೆ ಅದು ಹಿಟ್ ಅಲ್ಲ, ಎದುರಾಳಿಯ ತಪ್ಪು. ಆಗ ಇಂಗ್ಲಿಷಿನ 'ಇ' ಅಕ್ಷರ ಬರೆದು ಪಕ್ಕದಲ್ಲಿ ತಪ್ಪು ಮಾಡಿದವನ ಸಂಖ್ಯೆ ಹಾಕಬೇಕು. ಮೈದಾನದಲ್ಲಿ ನಿಲ್ಲುವ ಒಂಬತ್ತು ಜನಕ್ಕೂ ಒಂದರಿಂದ ಒಂಬತ್ತರವರೆಗೆ ಸಂಖ್ಯೆ ಇದೆ. ಹಿಟ್ಟೋ ತಪ್ಪೋ ಎಂದು ತೀರ್ಮಾನಿಸುವುದು ಬರೆಯುವವನ ಕೆಲಸ. ಬಲಬದಿಗೆ ಪ್ರತಿಯೊಬ್ಬನ ಹಿಟ್‌ಗಳ ಸಂಖ್ಯೆ, ಕೆಳಗೆ ಎಲ್ಲರದ್ದೂ ಕೂಡಿದ ಮೊತ್ತ. ಚೌಕಗಳೂ ಆ ಸಂಖ್ಯೆಗಳೂ ಪೆನ್ಸಿಲ್‌ನಲ್ಲಿ, ಮೊತ್ತ ಮಾತ್ರ ಶಾಯಿಯಲ್ಲಿ. ಒಂಬತ್ತನೆಯ ಸಾಲು ಮೇಡಂನ ತಂದೆಯದ್ದು.

ಅದರಷ್ಟು ಚಂದದ ಕಾಗದ ನಾನು ಅದುವರೆಗೆ ನೋಡಿರಲಿಲ್ಲ. ಒಂದು ಇಡೀ ಮಧ್ಯಾಹ್ನವನ್ನು ಯಾರೋ ಎಣಿಸಿ ಒಂದು ಹಾಳೆಯಲ್ಲಿ ಕೂರಿಸಿದ್ದರು. ನನ್ನಂಥವರೇ ಒಬ್ಬರು ಅಲ್ಲಿ, ಅಷ್ಟು ದೂರದಲ್ಲಿ, ಅಷ್ಟು ಹಿಂದೆ ಇದ್ದರು ಎಂದು ಅನಿಸಿತು. ಗುರುವಾರ ಸಂಜೆ ಬಿಳಿ ಬಟ್ಟೆಯ ಮುಂದೆ ಕೈಕಟ್ಟಿ ಕೂತು ರಿಜಿಸ್ಟರಿನಲ್ಲಿ ಬರೆದೆ: ಕಲೆ ಮೂರು, ಮಡಿಕೆ ಎರಡು, ಎಡ ಮೂಲೆ ಹರಿದಿದೆ. ಅಷ್ಟಕ್ಕೆ ತೃಪ್ತಿಯಾಗದೆ ಪಟ್ಟಿಯನ್ನು ಇದ್ದ ಹಾಗೆಯೇ ನನ್ನ ಡೈರಿಗೆ ಇಳಿಸಿಕೊಂಡೆ. ಆಮೇಲೆ ಅಭ್ಯಾಸದಂತೆ ಮೊತ್ತ ಕೂಡಿಸಿ ನೋಡಿದೆ. ಹಿಟ್‌ಗಳು: ಒಂದು, ಎರಡು, ಸೊನ್ನೆ, ಒಂದು, ಒಂದು, ಸೊನ್ನೆ, ಎರಡು, ಸೊನ್ನೆ, ಸೊನ್ನೆ. ಏಳು. ಕೆಳಗೆ ಶಾಯಿಯಲ್ಲಿ ಬರೆದದ್ದು ಎಂಟು. ಮೇಲಿನಿಂದ ಕೆಳಗೆ ಕೂಡಿಸಿದೆ, ಕೆಳಗಿನಿಂದ ಮೇಲೆ ಕೂಡಿಸಿದೆ. ಏಳೇ. ಆ ದಿನ ಊಟದಲ್ಲಿ ಏನಿತ್ತು ಎಂದು ಡೈರಿಯಲ್ಲಿ ಬರೆದಿಲ್ಲ. ಬೇರೆ ಯಾವ ದಿನವೂ ಹಾಗೆ ಬಿಟ್ಟದ್ದಿಲ್ಲ.

ಶುಕ್ರವಾರ ಬೆಳಿಗ್ಗೆ ಅಂಗಡಿ ತೆರೆಯುವುದಿಲ್ಲ. ಅಪ್ಪ ಸ್ನಾನ ಮಾಡಿ ಬರ್ ದುಬೈಯ ದೇವಸ್ಥಾನಕ್ಕೆ ಬಸ್ಸು ಹಿಡಿಯುತ್ತಿದ್ದರು. ಅಮ್ಮನ ಅಡುಗೆಮನೆ ಪಾಳಿ ಎಂಟರಿಂದ ಒಂಬತ್ತೂವರೆ. ಅಷ್ಟರೊಳಗೆ ನೀರುದೋಸೆ, ಕೋಳಿ ಸಾರು, ಮತ್ತು ಅಪ್ಪನಿಗೆ ಬೇಕಾದ ಮೈದಾ ಅಂಟು, ಮೂರೂ ಆಗಬೇಕು. ಹಾಗಾಗಿ ಶುಕ್ರವಾರ ಕಾಗದ ಮನೆಯಲ್ಲಿದ್ದರೆ ಕಾವಲು ನನ್ನದು. ಹೊರಡುವಾಗ ಅಪ್ಪ ಹೇಳುವ ಮಾತು ಯಾವಾಗಲೂ ಒಂದೇ:

"ಬಾಗಿಲು ತೆಗೀಬೇಡ. ಫ್ಯಾನು ಹಾಕ್ಬೇಡ. ನೋಡು, ಮುಟ್ಟಬೇಡ."

ಅಪ್ಪನ ಕೆಲಸದ ದೀಪವನ್ನು ಹಾಳೆಯ ಮಟ್ಟಕ್ಕೆ ತಗ್ಗಿಸಿದೆ. ಬೆಳಕು ಅಡ್ಡಡ್ಡ ಬಿದ್ದರೆ ಕಾಗದದ ಏರುತಗ್ಗು ಕಾಣಿಸುತ್ತದೆ ಎಂದು ಅವರೇ ತೋರಿಸಿಕೊಟ್ಟಿದ್ದರು. ಒಂಬತ್ತನೆಯ ಸಾಲಿನ ಏಳನೆಯ ಚೌಕದಲ್ಲಿ 'ಇ' ಮತ್ತು ಆರು ಎಂದಿತ್ತು. ಆದರೆ ಆ ಚೌಕದ ಮೂಲೆಯಲ್ಲಿ, ಪೆನ್ಸಿಲ್ ಇಲ್ಲದಿದ್ದರೂ, ಅದು ಒತ್ತಿಹೋದ ಒಂದು ಸಣ್ಣ ತಗ್ಗು ಇತ್ತು. ಅಡ್ಡಗೆರೆಯ ತಗ್ಗು. ಮೊದಲು ಹಿಟ್ ಎಂದು ಬರೆದು, ಅಳಿಸಿ, ಆಮೇಲೆ ತಪ್ಪು ಎಂದು ಬರೆದಿದ್ದರು. ಕಾಣೆಯಾದ ಒಂದು ಸಿಕ್ಕಿತ್ತು. ಶಾಯಿಯ ಮೊತ್ತದಲ್ಲಿ ಅದು ಇನ್ನೂ ಇತ್ತು, ಸಾಲಿನಲ್ಲಿ ಮಾತ್ರ ಇರಲಿಲ್ಲ. ನಮ್ಮ ಕ್ಲಾಸಿನಲ್ಲಿ ಕೊನೆಯ ಮೊತ್ತ ಸರಿಯಿದ್ದು ನಡುವೆ ಒಂದು ಅಂಕಿ ತಪ್ಪಿದ್ದರೆ ಟೀಚರ್ ನಡುವಿನದ್ದನ್ನು ತಿದ್ದಲು ಹೇಳುತ್ತಿದ್ದರು. ಶಾಯಿಯಲ್ಲಿ ಬರೆದದ್ದು ನಿಜ, ಪೆನ್ಸಿಲ್‌ನಲ್ಲಿ ಬರೆದದ್ದು ತಿದ್ದಲಿಕ್ಕೆ. ನಾನು ಯೋಚಿಸಿದ್ದು ಇಷ್ಟೇ. ಪೆನ್ಸಿಲ್ ತಿರುಗಿಸಿ, ಒಂಬತ್ತನೆಯ ಸಾಲಿನ ಸೊನ್ನೆಯನ್ನು ರಬ್ಬರಿನಿಂದ ಮೂರು ಸಲ ಮೆಲ್ಲಗೆ ತಿಕ್ಕಿದೆ. ಅದು ಹೋಯಿತು. ಅದೇ ಓರೆಯಲ್ಲಿ, ಅದೇ ಎತ್ತರಕ್ಕೆ, ಒಂದು ಎಂದು ಬರೆದೆ. ಕೂಡಿಸಿದೆ. ಎಂಟು. ಆ ಕ್ಷಣದ ಸಮಾಧಾನ ಎಷ್ಟಿತ್ತೆಂದರೆ, ಡೈರಿಯಲ್ಲಿ ಅದಕ್ಕೆ ಎರಡು ಗೆರೆ ಎಳೆದಿದ್ದೇನೆ.

ಅಪ್ಪ ಬಂದು ಪ್ರಸಾದ ಕೊಟ್ಟು, ಟವೆಲ್ ಬಿಗಿದು, ಕೆಲಸಕ್ಕೆ ಕೂತರು. ಅವರು ಕಾಗದವನ್ನು ಓದುತ್ತಿರಲಿಲ್ಲ, ನೋಡುತ್ತಿದ್ದರು. ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದಾಗ ರಬ್ಬರಿನ ಒಂದು ಕೆಂಪು ಚೂರು ಬಿದ್ದದ್ದನ್ನು ನಾನು ನೋಡಿದೆ. ಅವರೂ ನೋಡಿದರು. ಸಣ್ಣ ಬ್ರಷ್ಷಿನಿಂದ ಅದನ್ನು ಸರಿಸಿದರು. ತೆಳು ಕಾಗದದ ಪಟ್ಟಿಗೆ ಅಂಟು ಹಚ್ಚಿ ಹಾಳೆಯನ್ನು ಕೂರಿಸಿದರು. ಗಾಜು ಹಾಕಿದರು. ಹಿಂದೆ ಕಂದು ಕಾಗದ ಎಳೆದು ಅಂಟಿಸಿ, ಉಗುರಿನಿಂದ ನಾಲ್ಕೂ ಅಂಚು ಒತ್ತಿದರು. ಮುಗಿದ ಫ್ರೇಮನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು.

ಶನಿವಾರ ಮಧ್ಯಾಹ್ನ ಹಮೀದಾಕ ನಮ್ಮಲ್ಲೇ ಊಟ ಮಾಡುತ್ತಿದ್ದ. ಅವನ ಸಂಸಾರ ಊರಲ್ಲಿತ್ತು. ಬಿಳಿ ಬಟ್ಟೆ ತೆಗೆದಾಗಿತ್ತು, ಮೇಜಿನ ಮೇಲೆ ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ. ಎಸಿ ಹಾಕಿತ್ತು. ಎಲ್ಲರಿಗೂ ಮಾತಾಡುವಷ್ಟು ಉಸಿರು ಬಂದಿತ್ತು.

"ವಾಸಣ್ಣ, ಮೇಡಂ ಫೋನ್ ಮಾಡಿದ್ರು. ಅವರಪ್ಪ ಬಂದ್ರಂತೆ. ಮೇಡಂಗೆ ಗುಟ್ಟು ಇಡ್ಲಿಕ್ಕಾಗ್ಲಿಲ್ಲ, ನಾಳೆ ಸಂಜೆ ಇಬ್ರೂ ಅಂಗಡಿಗೇ ಬರ್ತಾರೆ" ಎಂದು ಹಮೀದಾಕ ಅಪ್ಪನಿಗೆ ಹೇಳಿದ. "ಮತ್ತೆ ಒಂದು ಕತೆ ಹೇಳಿದ್ರು ಮಾರಾಯ್ರೆ. ಆ ಕಾಗದದಲ್ಲಿ ಲೆಕ್ಕ ತಪ್ಪುಂಟಂತೆ."

ನನ್ನ ಕೈ ತಟ್ಟೆಯಲ್ಲೇ ನಿಂತಿತು.

"ಎಂತ ತಪ್ಪು?" ಎಂದರು ಅಮ್ಮ.

"ಸಾಲು ಸಾಲು ಕೂಡಿಸಿದ್ರೆ ಏಳು. ಕೆಳಗೆ ಬರ್ದದ್ದು ಎಂಟು. ಆ ಮುದುಕರದ್ದು ಒಂದೇ ಹಠ, ಆ ಎಂಟನೇದು ನಂದೇ ಅಂತ. ಮನೆಗೆ ಯಾರು ಬಂದ್ರೂ ಊಟ ಆದ್ಮೇಲೆ ಈ ಕಾಗದ ತಂದು ಎದ್ರು ಇಡೋದಂತೆ. ಕೂಡಿಸಿ ನೋಡಿ ಅನ್ನೋದು. ಬಂದವರು ಏಳು ಅಂತಾರೆ. ಮತ್ತೆ ಮೊತ್ತ ನೋಡಿ ಅನ್ನೋದು. ಎಂಟು. ಹಾಗಾದ್ರೆ ಒಂದು ಎಲ್ಲಿ ಹೋಯ್ತು ಹೇಳಿ ಅಂತ ನಗೋದು. ಮದ್ವೆಗೆ ಮೊದ್ಲು ಹೆಂಡ್ತಿಗೂ ಇದೇ ಪರೀಕ್ಷೆಯಂತೆ. ಅಳಿಯ ಬಂದಾಗ ಅವನಿಗೂ." ಹಮೀದಾಕ ನನ್ನ ಕಡೆ ತಿರುಗಿದ. "ನಾಳೆ ನಿನ್ನನ್ನೂ ಬಿಡುವವರಲ್ಲ ಟೀಚರೇ. ರೆಡಿಯಾಗಿರು."

ಅಪ್ಪ ನಕ್ಕರು. ಅಮ್ಮ ಅವನಿಗೆ ಇನ್ನೊಂದು ಬಂಗುಡೆ ಹಾಕಿದರು. ಅವರ ನಗೆ ನನಗೆ ಬಹಳ ದೂರದಿಂದ ಕೇಳಿಸುತ್ತಿತ್ತು. ನಾನು ತಿದ್ದಿದ್ದು ತಪ್ಪನ್ನಲ್ಲ. ಆ ತಪ್ಪೇ ಅವರ ಆಸ್ತಿ. ಅದನ್ನು ಅಳಿಸಿ ಗಾಜಿನ ಹಿಂದೆ ಇಟ್ಟಿದ್ದೆವು. ನಾಳೆ ಅವರು ಕೂಡಿಸುತ್ತಾರೆ, ಎಂಟು ಬರುತ್ತದೆ, ಮೇಡಂ ಅಪ್ಪನ ಮುಖ ನೋಡುತ್ತಾರೆ, ಅರಬಾಬ ಬರುತ್ತಾನೆ. ಹಮೀದಾಕ ಕೈ ತೊಳೆದು ಅಂಗಡಿಗೆ ಹೋದ. ಅಮ್ಮ ನನ್ನ ತಟ್ಟೆ ನೋಡಿ "ಎಂತಾಯ್ತು, ಹೊಟ್ಟೆನೋವಾ?" ಎಂದರು. ಡೈರಿ ತಂದು, ಗುರುವಾರದ ಪುಟ ಮತ್ತು ಶುಕ್ರವಾರದ ಪುಟ ಎರಡನ್ನೂ ತೆರೆದು ಅಪ್ಪನ ಎದುರಿಗಿಟ್ಟೆ.

ಅಪ್ಪ ಓದಲು ಬಹಳ ಹೊತ್ತು ತೆಗೆದುಕೊಂಡರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ರಬ್ಬರ್ ಹಾಕಿದ್ದಿಯಾ?"

"ಹೌದು."

"ಎಷ್ಟು ಸಲ?"

"ಮೂರು."

ಅವರು ಎದ್ದು ಎಸಿ ನಿಲ್ಲಿಸಿದರು. ಮೇಜು ಒರೆಸಿದರು, ಒಣ ಬಟ್ಟೆಯಿಂದ ಮತ್ತೆ ಒರೆಸಿದರು, ಬಿಳಿ ಬಟ್ಟೆ ಹಾಸಿದರು. ಫ್ರೇಮನ್ನು ಕವುಚಿ ಮಲಗಿಸಿ ಚೂರಿ ತೆಗೆದುಕೊಂಡರು.

"ಏನು ಮಾಡ್ತಿದ್ದೀರಿ ನೀವು?" ಎಂದರು ಅಮ್ಮ. "ಮುಚ್ಚಿ ಆಗಿದೆಯಲ್ಲ. ಸೊನ್ನೆ ಇದ್ದದ್ದು ಒಂದಾಗಿದೆ. ಆ ಅಜ್ಜನಿಗೆ ಬೇಕಾದದ್ದೂ ಅದೇ. ಯಾರಿಗೆ ನಷ್ಟ?"

ಅಪ್ಪ ಕಂದು ಕಾಗದವನ್ನು ನಾಲ್ಕೂ ಬದಿಯಿಂದ ಸೀಳಿದರು.

"ಆಗ್ಲಿ, ತೆಗೆದಿರಿ. ಹಾಗಾದ್ರೆ ನೀವೇ ಪುನಃ ಸೊನ್ನೆ ಬರೆದು ಮುಚ್ಚಿ. ನಿಮ್ಮ ಕೈಗೆ ಅದು ಎಂಥ ಕೆಲಸ? ಹುಡುಗಿ ಮಾಡಿದ್ದು ಅಂತ ಊರಿಗೆಲ್ಲ ಹೇಳ್ಬೇಕಾ? ಅರಬಾಬ ಏನಂದಿದ್ದ, ಮರೆತುಹೋಯ್ತಾ?"

ಅಪ್ಪ ಭೂತಗನ್ನಡಿಯಿಂದ ಉಳಿದ ಸೊನ್ನೆಗಳನ್ನು ನೋಡಿದರು. ಒಂದು ಪೆನ್ಸಿಲ್ ಆರಿಸಿದರು, ಬೇಡವೆಂದು ಇನ್ನೊಂದು ಆರಿಸಿದರು. ರಟ್ಟಿನ ಒಂದು ತುಂಡಿನ ಮೇಲೆ ಸೊನ್ನೆ ಬರೆಯತೊಡಗಿದರು. ಮೊದಲಿನವು ದುಂಡಗಿದ್ದವು. ಆಮೇಲಿನವು ಆ ಹಾಳೆಯ ಸೊನ್ನೆಗಳಂತೆ ತುಸು ಎಡಕ್ಕೆ ವಾಲಿದವು. ನಾನು ಎಣಿಸುತ್ತಿದ್ದೆ. ಇಪ್ಪತ್ತಮೂರನೆಯದು ಹಾಳೆಯದ್ದೇ ಎನ್ನುವಷ್ಟು ಸರಿಯಾಗಿತ್ತು. ಅಮ್ಮ ಉಸಿರು ಬಿಟ್ಟರು. ಅಪ್ಪ ಪೆನ್ಸಿಲ್ಲನ್ನು ಒಂಬತ್ತನೆಯ ಸಾಲಿನ ಮೇಲೆ ತಂದು ಹಿಡಿದರು. ಅವರ ಹಣೆಗೆ ಟವೆಲ್ ಇರಲಿಲ್ಲ, ಅದನ್ನು ನಾನೇ ಕಟ್ಟಬೇಕೇ ಎಂದು ನೋಡುತ್ತಿದ್ದಾಗ ಪೆನ್ಸಿಲ್ ಕೆಳಗಿಟ್ಟರು.

"ಮುದುಕರ ಕಣ್ಣಿಗೆ ಗೊತ್ತಾಗ್ಲಿಕ್ಕಿಲ್ಲ" ಎಂದರು. "ಆದ್ರೆ ಮತ್ತೆ ನಾನು ಆ ರಿಜಿಸ್ಟರನ್ನು ಯಾವ ಮುಖದಲ್ಲಿ ಗಿರಾಕಿಯ ಎದುರಿಗೆ ಇಡೋದು? ಒಂದು ಪುಟ ಸುಳ್ಳಾದ್ರೆ ಉಳಿದದ್ದೂ ಹಾಗೇ."

ಅಮ್ಮ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು. ಅದು ಅವರ ಪಾಳಿಯ ಹೊತ್ತಾಗಿರಲಿಲ್ಲ. ಅಪ್ಪ ಮನೆಯಲ್ಲಿದ್ದ ಪೆನ್ಸಿಲ್‌ಗಳನ್ನೆಲ್ಲ ತರಲು ಹೇಳಿದರು. ಹನ್ನೊಂದಿದ್ದವು, ನನ್ನ ಕಂಪಾಸ್ ಪೆಟ್ಟಿಗೆಯ ನಾಲ್ಕೂ ಸೇರಿ. ಬಿಳಿ ಬಟ್ಟೆಯ ಆಚೆ, ನೆಲದ ಮೇಲೆ ಕೂತು, ರಟ್ಟು ಕೊಯ್ಯುವ ಚೂರಿಯಿಂದ ಒಂದೊಂದರ ರಬ್ಬರನ್ನೂ ಕತ್ತರಿಸಿ ಹಾಕಿದರು. ಹೊಡೆಯಲಿಲ್ಲ, ಬೈಯಲಿಲ್ಲ. ಹೊಡೆದಿದ್ದರೆ ಒಳ್ಳೆಯದಿತ್ತು. ಕೊನೆಗೆ ರಿಜಿಸ್ಟರನ್ನು ಎತ್ತಿ ಕಪಾಟಿನ ಮೇಲಿಟ್ಟರು, ನನ್ನ ಕೈಗೆ ಎಟುಕದಷ್ಟು ಎತ್ತರದಲ್ಲಿ.

"ಇನ್ನು ಇದನ್ನು ನಾನೇ ಬರೀತೇನೆ."

ಭಾನುವಾರ ಬಸ್ಸು ಏಳು ಸಿಗ್ನಲ್‌ನಲ್ಲಿ ನಿಂತಿತು. ಅಂಗಡಿಗೆ ಹೋದಾಗ ಫ್ರೇಮು ಕೌಂಟರಿನ ಮೇಲೆ ಬಿಚ್ಚಿಕೊಂಡೇ ಇತ್ತು, ಗಾಜು ಪಕ್ಕಕ್ಕೆ. ಹಮೀದಾಕನಿಗೆ ಅಪ್ಪ ಬೆಳಿಗ್ಗೆಯೇ ಹೇಳಿರಬೇಕು. ಅವನು ನನ್ನನ್ನು ಟೀಚರ್ ಎಂದು ಕರೆಯಲಿಲ್ಲ. ನಾನೇ ಹೇಳುತ್ತೇನೆ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದೆ. ಮಾರ್ಥಾ ಮೇಡಂ ತಂದೆಯ ಕೈ ಹಿಡಿದು ಒಳಗೆ ಕರೆತಂದರು. ಎತ್ತರದ ಮುದುಕರು, ಬಗ್ಗಿದ ಬೆನ್ನು, ಬೆರಳ ಗಂಟುಗಳು ದೊಡ್ಡವು. ಮರದ ಪುಡಿಯ ವಾಸನೆಗೆ ಮೂಗರಳಿಸಿ ಸುತ್ತ ನೋಡಿದರು. ಹಾಳೆ ಕಂಡದ್ದೇ ಮುಖ ಬೆಳಗಿತು. ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು.

"ಲೆಕ್ಕದ ಹುಡುಗಿ ನೀನೇ ತಾನೇ? ಬಾ, ಹಿಟ್‌ಗಳನ್ನು ಕೂಡಿಸು ನೋಡೋಣ."

ಅದು ಪ್ರತಿಯೊಬ್ಬ ಅತಿಥಿಗೂ ಅವರು ಕೇಳುತ್ತಿದ್ದ ಪ್ರಶ್ನೆ. ನಾನು ಹಾಳೆ ನೋಡಲಿಲ್ಲ.

"ಎಂಟು" ಎಂದೆ.

ಅವರು ನಕ್ಕು, "ಎಲ್ಲರೂ ಮೊದಲು ಮೊತ್ತ ನೋಡಿಬಿಡುತ್ತಾರೆ. ಮೊತ್ತ ಅಲ್ಲ, ಸಾಲುಗಳನ್ನು ಕೂಡಿಸು" ಎಂದರು.

"ಸಾಲುಗಳನ್ನೇ ಕೂಡಿಸಿದ್ದು. ಈಗ ಎಂಟೇ ಬರುತ್ತದೆ. ನಿಮ್ಮ ಸೊನ್ನೆಯನ್ನು ನಾನು ಅಳಿಸಿ ಒಂದು ಮಾಡಿದೆ."

ಇಂಗ್ಲಿಷಿನಲ್ಲಿ ಹೇಳಿದ ಆ ವಾಕ್ಯವನ್ನು ಬಸ್ಸಿನಲ್ಲಿ ಹದಿನಾಲ್ಕು ಸಲ ಅಭ್ಯಾಸ ಮಾಡಿದ್ದೆ. ಮೇಡಂ ಬಗ್ಗಿ ನೋಡಿದರು. ಅವರು ದನಿ ಏರಿಸಲಿಲ್ಲ, ಇಳಿಸಿದರು. ಇದು ಒಂದೇ ಇರುವುದೆಂದು ನಾನು ಹೇಳಿರಲಿಲ್ಲವೇ ಎಂದು ಹಮೀದಾಕನನ್ನು ಕೇಳಿದರು. ಮಗುವಿನ ಕೈಗೆ ಇದನ್ನು ಯಾಕೆ ಕೊಟ್ಟಿರಿ ಎಂದು ಅಪ್ಪನನ್ನು ಕೇಳಿದರು. ಅಪ್ಪ ತಮಗೆ ಬರುವ ಇಂಗ್ಲಿಷಿನಲ್ಲಿ "ಮೈ ಹೌಸ್, ಮೈ ಮಿಸ್ಟೇಕ್" ಎಂದರು. ಮುದುಕರು ಮಾತ್ರ ಒಂಬತ್ತನೆಯ ಸಾಲಿನಿಂದ ಕಣ್ಣು ತೆಗೆದಿರಲಿಲ್ಲ. ಅಲ್ಲಿ ಒಂದು ಇತ್ತು. ಅವರ ಹೆಸರಿನ ಎದುರಿಗೆ, ಇಷ್ಟು ವರ್ಷಗಳ ಮೇಲೆ.

"ನನಗೇ ಯಾಕೆ ಕೊಟ್ಟೆ?" ಎಂದು ಕೇಳಿದರು. "ಬೇರೆ ಎಂಟು ಜನ ಇದ್ದಾರಲ್ಲ."

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ದೀಪ ತಂದು ಹಾಳೆಯ ಮಟ್ಟಕ್ಕೆ ಹಿಡಿದರು. ನಾನು ಬೆರಳು ತಾಗಿಸದೆ ಏಳನೆಯ ಚೌಕದ ಮೂಲೆ ತೋರಿಸಿದೆ. ಮುದುಕರು ಕನ್ನಡಕ ತೆಗೆದು, ಮೂಗು ತಾಗುವಷ್ಟು ಬಗ್ಗಿದರು. ರಸ್ತೆಯಲ್ಲಿ ಒಂದು ಬಸ್ಸು ಹೋಗಿ ಅಂಗಡಿಯ ಗಾಜುಗಳೆಲ್ಲ ಸಣ್ಣಗೆ ಅದುರಿದವು. ಅವರು ಬಗ್ಗಿಯೇ ಇದ್ದರು.

"ಬರೆದವನು ಮೊದಲು ಕೊಟ್ಟಿದ್ದಾನೆ" ಎಂದರು ಕೊನೆಗೆ. "ಆಮೇಲೆ ವಾಪಸ್ ತೆಗೆದುಕೊಂಡಿದ್ದಾನೆ."

ಮೊತ್ತ ಬದಲಾಯಿಸಲು ಮರೆತಿದ್ದ, ಅಷ್ಟೇ. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಜೀವಮಾನವಿಡೀ ಅತಿಥಿಗಳಿಗೆ ಕೇಳಿದ ಪ್ರಶ್ನೆಗೆ ಸತ್ವಾದ ಒಂದು ಫ್ರೇಮ್ ಅಂಗಡಿಯಲ್ಲಿ ಉತ್ತರ ಸಿಕ್ಕಿತ್ತು, ಅದು ಅವರು ಬಯಸಿದ ಉತ್ತರವಾಗಿರಲಿಲ್ಲ. ಮೇಡಂ ಅವರ ಭುಜ ಮುಟ್ಟಿ, ಈಗ ಒಂದು ಇದೆಯಲ್ಲ, ಹಾಗೇ ಇರಲಿ ಬಿಡಿ ಡ್ಯಾಡ್ ಎಂದರು. ಈಗ ಅವರ ದನಿಯಲ್ಲಿ ಕೋಪವಿರಲಿಲ್ಲ, ಹೆದರಿಕೆಯಿತ್ತು.

"ಈ ಒಂದು ಆ ಆಟದ್ದಲ್ಲ. ಈ ಹುಡುಗಿಯದ್ದು" ಎಂದರು ಮುದುಕರು. ಕೌಂಟರಿನ ಮೇಲಿದ್ದ, ಹಿಂಬದಿ ಕತ್ತರಿಸಿದ ಪೆನ್ಸಿಲ್ಲನ್ನು ಎತ್ತಿ ನನ್ನ ಕಡೆ ಚಾಚಿದರು. "ಅಳಿಸಬೇಡ. ಹೊಡೆದು ಹಾಕು. ಪಕ್ಕದಲ್ಲಿ ಬರೆ."

ಅಪ್ಪ ಹಾಳೆಯ ಅಂಚನ್ನು ಎರಡು ಬೆರಳಿನಿಂದ ಒತ್ತಿ ಹಿಡಿದರು. ನಾನು ಬರೆದ ಒಂದರ ಮೇಲೆ ಅಡ್ಡಗೆರೆ ಎಳೆದೆ. ಪಕ್ಕದಲ್ಲಿ ಸೊನ್ನೆ ಹಾಕಿದೆ. ಅದು ಎಡಕ್ಕೆ ವಾಲಲಿಲ್ಲ. ನನ್ನ ಸೊನ್ನೆಯಂತೆಯೇ ದುಂಡಗೆ, ಸ್ವಲ್ಪ ದೊಡ್ಡದಾಗಿ ಬಂತು.

"ಈಗ ಕೂಡಿಸು."

"ಏಳು."

"ಮೊತ್ತ?"

"ಎಂಟು."

"ಸರಿ" ಎಂದರು ಅವರು. "ಮುಚ್ಚಿಬಿಡಿ."

ಅಪ್ಪ ಗಾಜು ಹಾಕಿ, ಹೊಸ ಕಂದು ಕಾಗದ ಎಳೆದು, ಉಗುರಿನಿಂದ ಅಂಚು ಒತ್ತಿದರು. ಆಮೇಲೆ ರಿಜಿಸ್ಟರ್ ತೆಗೆದು 'ಹೋಗುವಾಗ' ಎಂಬ ಕಡೆ ತಮ್ಮ ನಿಧಾನದ ಕನ್ನಡದಲ್ಲಿ ಬರೆದರು. ಏನು ಬರೆದರು ಎಂದು ಮುದುಕರು ನನ್ನನ್ನು ಕೇಳಿದರು. ಓದಿ ಹೇಳಿದೆ: ಕಲೆ ಮೂರು, ಮಡಿಕೆ ಎರಡು, ಎಡ ಮೂಲೆ ಹರಿದಿದೆ, ಹಿಟ್ ಸಾಲಿನ ಒಂಬತ್ತನೆಯ ಮನೆಯಲ್ಲಿ ಸೊನ್ನೆ, ಬೇರೆ ಕೈ, ನಮ್ಮ ಮನೆಯಲ್ಲಿ ಆದದ್ದು. ಮೇಡಂ ಪೆನ್ಸಿಲ್ ಮುಟ್ಟಲಿಲ್ಲ. ಮುದುಕರು ಸಹಿ ಹಾಕಿದರು. ಪಕ್ಕದಲ್ಲಿ ಇನ್ನೇನೋ ಸಣ್ಣದಾಗಿ ಗೀಚಿ, ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ನಾನು ನೋಡಿದೆನೆಂದು ಖಾತ್ರಿ ಮಾಡಿಕೊಂಡು ಮುಚ್ಚಿದರು.

ಮಾರ್ಥಾ ಮೇಡಂ ಮತ್ತೆಂದೂ ನಮ್ಮ ಅಂಗಡಿಗೆ ಬರಲಿಲ್ಲ. ಅವರ ಶಾಲೆಯ ಫೋಟೋಗಳು ಕರಾಮದ ಬೇರೆ ಅಂಗಡಿಗೆ ಹೋಗತೊಡಗಿದವು. ಆದರೆ ಅರಬಾಬನಿಗೆ ದೂರು ಹೋಗಲಿಲ್ಲ. ಒಂದು ತಿಂಗಳು, ಬಾಗಿಲ ಬಳಿ ಅರಬರ ಬಿಳಿ ಉಡುಪು ಕಂಡಾಗಲೆಲ್ಲ ಅಪ್ಪ ಚೂರಿ ಕೆಳಗಿಡುತ್ತಿದ್ದರು ಎಂದು ಹಮೀದಾಕ ಆಮೇಲೆ ಹೇಳಿದ. ಆ ವಿಲ್ಲಾ ಈಗಿಲ್ಲ. ಅಪ್ಪ ಅಮ್ಮ ದುಬೈಯಲ್ಲೇ ಡಿಸ್ಕವರಿ ಗಾರ್ಡನ್ಸ್‌ನಲ್ಲಿದ್ದಾರೆ, ಮೇಜು ಅವರ ಜೊತೆಗಿದೆ. ನನ್ನ ಪೆನ್ಸಿಲ್‌ಗಳಿಗೆ ಇವತ್ತಿಗೂ ರಬ್ಬರ್ ಇಲ್ಲ. ಲೆಕ್ಕ ತಪ್ಪಿದರೆ ಹೊಡೆದು ಹಾಕಿ ಪಕ್ಕದಲ್ಲಿ ಬರೆಯುತ್ತೇನೆ.

ಆ ಭಾನುವಾರ ಅಂಗಡಿಯಿಂದ ಮನೆಗೆ ಅಪ್ಪನೂ ನಾನೂ ನಡೆದು ಬಂದೆವು. ರಿಜಿಸ್ಟರ್ ಅಪ್ಪನ ಕಂಕುಳಲ್ಲಿತ್ತು. ಟೈಲರ್ ಅಂಗಡಿಗಳನ್ನು ದಾಟಿದೆವು.

"ಸಹಿಯ ಹತ್ತಿರ ಅದೆಂತ ಬರೆದದ್ದು ಅವರು?" ಎಂದು ಅಪ್ಪ ಕೇಳಿದರು.

"ಇ. ಮತ್ತೆ ಹತ್ತು."

"ಹಾಗಂದ್ರೆ?"

"ತಪ್ಪು ಯಾರದ್ದು ಅಂತ ಬರೆಯೋದು, ಅಪ್ಪ. ಇ ಅಂದ್ರೆ ತಪ್ಪು. ಹತ್ತು ಅಂದ್ರೆ ಹತ್ತನೆಯ ಆಟಗಾರನದ್ದು."

"ಎಷ್ಟು ಜನ ನಿಲ್ಲೋದು ಆ ಆಟದಲ್ಲಿ?"

"ಒಂಬತ್ತು. ಹತ್ತನೆಯದು ನಾನು."

ಅಪ್ಪ ನಡೆಯುವುದನ್ನು ನಿಲ್ಲಿಸಲಿಲ್ಲ. ಗಲ್ಲಿಯ ತಿರುವಿನಲ್ಲಿ, ನನ್ನ ಮುಖ ನೋಡದೆ, ಕಂಕುಳಲ್ಲಿದ್ದ ರಿಜಿಸ್ಟರನ್ನು ತೆಗೆದು ನನ್ನ ಕೈಗೆ ಕೊಟ್ಟರು.